ಕ್ಯಾಡಿಲಾಕ್ ಮೋಟಾರುಗಾಡಿಯೂ ‘ಲೋಕಪ್ರಮಾಣ’ವೆಂಬ ಬಿರುದೂ

೧

ಅಮೆರಿಕಾ ಸಂಯುಕ್ತ ಸಂಸ್ಥಾನದ ಡೆಟ್ರಾಯಿಟ್ ನಗರದಲ್ಲಿ ೧೯೦೨ನೆಯ ಇಸವಿಯಲ್ಲಿ ಸ್ಥಾಪಿತವಾದ ಕ್ಯಾಡಿಲಾಕ್ ಮೋಟಾರು ಸಂಸ್ಥೆಯು ತನ್ನ ಗಾಡಿಗಳಿಗೆ ‘ಸ್ಟ್ಯಾಂಡರ್ಡ್ ಆಫ್ ದಿ ವರ್ಲ್ಡ್’ ಎಂಬ ಬಿರುದನ್ನು ಇಟ್ಟುಕೊಂಡಿತ್ತು. ನಮ್ಮ ಮಾತಿನಲ್ಲಿ ಇದನ್ನು ‘ಲೋಕಪ್ರಮಾಣ’ವೆಂದು ಹೇಳಬಹುದು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಬಿರುದಿಗೂ ಅದನ್ನು ಧರಿಸಿದ ವಸ್ತುವಿಗೂ ಹೆಚ್ಚಿನ ಅಂತರವಿರಲಿಲ್ಲ. ಅದೇ ಶತಮಾನವು ಮುಗಿಯುವ ವೇಳೆಗೆ ಜರ್ಮನಿಯ ಮರ್ಸಿಡಿಸ್ ಮತ್ತು ಬಿ.ಎಂ.ಡಬ್ಲ್ಯು. ಗಾಡಿಗಳೂ ಜಪಾನಿನ ಲೆಕ್ಸಸ್ ಗಾಡಿಯೂ ಅಮೆರಿಕದ ನೆಲದಲ್ಲಿಯೇ ಅದರ ಗೌರವಸ್ಥಾನವನ್ನು ಆಕ್ರಮಿಸಿದುವು. ಹೋದ ಪ್ರತಿಷ್ಠೆಯನ್ನು ಮರಳಿ ಪಡೆಯಬೇಕೆಂದು ಆ ಸಂಸ್ಥೆಯು ಈಗ್ಗೆ ಕಾಲು ಶತಮಾನದಿಂದಲೂ ಪ್ರಯತ್ನಪಡುತ್ತಿದೆ. ಈ ಪ್ರಯತ್ನವು ಕೈಗೂಡೀತೆ ಎಂಬ ಪ್ರಶ್ನೆಗೆ ವರ್ತಕರು ಮಾರಾಟದ ಅಂಕಿಗಳಿಂದ ಉತ್ತರ ಹೇಳುವರು. ಚರಿತ್ರೆಯ ಅಭ್ಯಾಸಿಗಳು ಬೇರೊಂದು ದಾರಿಯನ್ನು ಹಿಡಿಯಬೇಕಾಗಿದೆ. ಆ ಪ್ರತಿಷ್ಠೆಯು ಯಾವುದರಿಂದ ಬಂದಿತು, ಯಾವುದರಿಂದ ಹೋಯಿತು ಎಂಬುದನ್ನು ನಿಷ್ಕರ್ಷೆಮಾಡಿದ ಮೇಲಲ್ಲದೆ, ಅದು ಮರಳುವುದೋ ಇಲ್ಲವೋ ಎಂಬ ವಿಚಾರಕ್ಕೆ ಆಧಾರ ದೊರೆಯುವುದಿಲ್ಲ.

‘ಪ್ರಮಾಣ’ವೆಂಬ ಶಬ್ದಕ್ಕೆ ಕನ್ನಡದಲ್ಲಿ ಮೂರು ಅರ್ಥಗಳು ಮುಖ್ಯವಾಗಿ ರೂಢಿಯಲ್ಲಿವೆ. ಮೊದಲನೆಯದು ಅಳತೆ. ಎರಡನೆಯದು ಯಥಾರ್ಥಜ್ಞಾನದ ಸಾಧನ. ತಾರ್ಕಿಕರು ಪ್ರತ್ಯಕ್ಷ, ಅನುಮಾನ ಮೊದಲಾದುವನ್ನು ಪ್ರಮಾಣಗಳೆಂದು ಕರೆಯುವುದು ಈ ಅರ್ಥದಲ್ಲಿ. ಮೂರನೆಯದು ದೇವರ ಸನ್ನಿಧಿಯಲ್ಲಾಗಲಿ ನ್ಯಾಯಸ್ಥಾನದಲ್ಲಾಗಲಿ ಮಾಡುವ ಆಣೆ. ಕ್ಯಾಡಿಲಾಕಿನ ಪ್ರತಿಷ್ಠೆಯು ಈ ಮೂರು ಪ್ರಮಾಣಗಳ ಮೇಲೆಯೂ ನಿಂತಿದ್ದಿತೆಂದೂ, ಅವುಗಳಲ್ಲಿ ಮೂರನೆಯದು ಮುರಿದುದೇ ಅದರ ಪತನಕ್ಕೆ ಮುಖ್ಯ ಕಾರಣವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಹೆಸರಿನ ವಿಚಾರ. ಡೆಟ್ರಾಯಿಟ್ ನಗರಕ್ಕೆ ೧೭೦೧ರ ಜುಲೈ ತಿಂಗಳಿನಲ್ಲಿ ತಳಹದಿ ಹಾಕಿದ ಫ್ರೆಂಚ್ ಅಧಿಕಾರಿಯ ಹೆಸರನ್ನು ಈ ಸಂಸ್ಥೆಯವರು ತಮ್ಮ ಗಾಡಿಗೆ ಇಟ್ಟರು. ಅವನು ಆಂಟ್ವಾನ್ ದ ಲಾ ಮೋತ್, ಕ್ಯಾಡಿಲಾಕಿನ ಒಡೆಯನೆಂದು ಪ್ರಸಿದ್ಧನಾಗಿದ್ದನು. ಹುಟ್ಟುಹೆಸರು ಆಂಟ್ವಾನ್ ಲೋಮೆ. ೧೬೫೮ರಲ್ಲಿ ಫ್ರಾನ್ಸಿನ ನೈಋತ್ಯಭಾಗದ ಗ್ಯಾಸ್ಕನಿ ಸೀಮೆಯಲ್ಲಿ ಹುಟ್ಟಿದ ಇವನು ಶ್ರೀಮಂತ ಪ್ರಭುವಂಶದವನಲ್ಲ. ಸಮುದ್ರವನ್ನು ದಾಟಿ ಉತ್ತರ ಅಮೆರಿಕಕ್ಕೆ ಬಂದಮೇಲೆ ತನ್ನ ಪೂರ್ವೋತ್ತರವನ್ನು ಬಲ್ಲವರು ಅಲ್ಲಿ ಯಾರೂ ಇಲ್ಲವೆಂಬುದನ್ನು ಕಂಡು, ೧೬೮೭ರಲ್ಲಿ ಕ್ವಿಬೆಕ್ಕಿನಲ್ಲಿ ನಡೆದ ತನ್ನ ವಿವಾಹದ ದಾಖಲೆಯಲ್ಲಿ ಪ್ರಭುವಂಶದ ಹೆಸರನ್ನು ಬರೆಯಿಸಿದನು. ಅವನು ಧರಿಸಿದ ವಂಶಲಾಂಛನವೂ ಇದೇ ಬಗೆಯ ಸ್ವಯಂಕಲ್ಪಿತವಾದ ವಸ್ತುವೆಂದು ಸಂಶೋಧಕರು ನಿರ್ಣಯಿಸಿದ್ದಾರೆ. ಪುಟ್ಟ ಹಕ್ಕಿಗಳ ಚಿತ್ರವುಳ್ಳ ಆ ಲಾಂಛನವೇ ಮುಂದೆ ಮೋಟಾರುಗಾಡಿಗಳ ಮುಖದ ಮೇಲೆ ಮೆರೆಯಿತು.

ಲಾಂಛನವು ಕಲ್ಪಿತವಾಗಿದ್ದುದರಿಂದ ಗಾಡಿಯ ಗೌರವಕ್ಕೆ ಯಾವ ಕುಂದೂ ಬರಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ನಮ್ಮ ಶಾಸನಗಳಲ್ಲಿ ಹಾನಗಲ್ಲಿನ ಮತ್ತು ಗೋವೆಯ ಕದಂಬರು ‘ಬನವಾಸಿಪುರವರಾಧೀಶ್ವರ’ರೆಂದೂ, ಸವದತ್ತಿಯ ರಟ್ಟರು ‘ಲತ್ತಲೂರುಪುರವರಾಧೀಶ್ವರ’ರೆಂದೂ ಹೇಳಿಕೊಂಡಿರುವುದನ್ನು ವಾಚಕರು ಬಲ್ಲರು. ಇಂಥ ಬಿರುದುಗಳಿಂದ ಆ ಮನೆತನಗಳು ತಮ್ಮನ್ನು ಯಾವ ಪರಂಪರೆಗೆ ಸೇರಿಸಿಕೊಳ್ಳಬಯಸಿದವೆಂಬುದು ತಿಳಿಯುತ್ತದೆ. ಅವರ ಬಲಾಬಲಗಳನ್ನು ತಿಳಿಯಲು ಬೇರೆ ಆಧಾರಗಳನ್ನೇ ಹುಡುಕಬೇಕು. ಅದರಂತೆ ಕ್ಯಾಡಿಲಾಕಿನ ಗೌರವದ ಮೂಲವನ್ನೂ ಅದರ ಲಾಂಛನದಲ್ಲಿ ಹುಡುಕದೆ, ಕಾರ್ಖಾನೆಯಲ್ಲಿ ಹುಡುಕಬೇಕಾಗಿದೆ.

೩

ಆ ಕಾರ್ಖಾನೆಯನ್ನು ಮೊದಲು ಕಟ್ಟಿದವರು ಹೆನ್ರಿ ಫೋರ್ಡನ ಪಾಲುದಾರರು. ೧೯೦೧ರಲ್ಲಿ ಅವನ ಹೆಸರಿನಲ್ಲಿಯೇ ಸ್ಥಾಪಿತವಾಗಿದ್ದ ಕಂಪೆನಿಯಲ್ಲಿ ಭಿನ್ನಾಭಿಪ್ರಾಯಗಳು ಹುಟ್ಟಿ, ಮರುವರ್ಷವೇ ಅವನು ಹೊರಬಿದ್ದನು. ಉಳಿದ ಪಾಲುದಾರರು ಯಂತ್ರಗಳನ್ನು ಮಾರಿ ಕೈತೊಳೆದುಕೊಳ್ಳುವ ಉದ್ದೇಶದಿಂದ ಬೆಲೆಕಟ್ಟಲು ಹೆನ್ರಿ ಲೀಲೆಂಡ್ ಎಂಬ ಯಂತ್ರಶಿಲ್ಪಿಯನ್ನು ಕರೆಯಿಸಿದರು. ಲೀಲೆಂಡನು ಬೆಲೆ ಕಟ್ಟುವುದರ ಜೊತೆಗೆ, ತಾನು ಸಿದ್ಧಪಡಿಸಿದ್ದ ಒಂದು ಎಂಜಿನ್ನನ್ನು ಅವರ ಮುಂದಿಟ್ಟು, ಕೆಲಸವನ್ನು ನಿಲ್ಲಿಸದೆ ಮುಂದುವರಿಸಬೇಕೆಂದು ಒಡಂಬಡಿಸಿದನು. ಹೀಗೆ ೧೯೦೨ರಲ್ಲಿ ಕ್ಯಾಡಿಲಾಕ್ ಸಂಸ್ಥೆಯು ಹುಟ್ಟಿತು.

ಲೀಲೆಂಡನು ೧೮೪೩ರಲ್ಲಿ ವರ್ಮಾಂಟ್ ಪ್ರಾಂತದಲ್ಲಿ ಜನಿಸಿದವನು. ಬಂದೂಕುಗಳನ್ನು ತಯಾರಿಸುವ ಕಾರ್ಖಾನೆಗಳಲ್ಲಿಯೂ, ಅನಂತರ ಅಳತೆಯ ಉಪಕರಣಗಳಿಗೆ ಹೆಸರಾದ ಬ್ರೌನ್ ಅಂಡ್ ಷಾರ್ಪ್ ಸಂಸ್ಥೆಯಲ್ಲಿಯೂ ಕೆಲಸ ಕಲಿತಿದ್ದನು. ಬಂದೂಕಿನ ಕೆಲಸದಲ್ಲಿ ಒಂದು ಮುಖ್ಯವಾದ ತತ್ತ್ವವಿದೆ. ರಣರಂಗದಲ್ಲಿ ಒಂದು ಬಂದೂಕಿನ ಕುದುರೆ ಮುರಿದರೆ ಬೇರೆ ಬಂದೂಕಿನ ಕುದುರೆಯನ್ನು ತೆಗೆದು ಅದರ ಜಾಗದಲ್ಲಿ ಕೂರಿಸುವಂತಿರಬೇಕು. ಅರದಿಂದ ಉಜ್ಜಿ ಹೊಂದಿಸುವ ಪ್ರಮೇಯವೇ ಬರಕೂಡದು. ಆ ಕಾಲದ ಮೋಟಾರುಗಾಡಿಗಳಲ್ಲಿ ಈ ಗುಣವಿರಲಿಲ್ಲ. ಯೂರೋಪಿನ ಉತ್ತಮ ಗಾಡಿಗಳು ಕುಶಲಿಗಳ ಕೈಯಲ್ಲಿ ಒಂದೊಂದಾಗಿ ರೂಪುಗೊಳ್ಳುತ್ತಿದ್ದುವು; ಒಂದರ ಭಾಗವು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಲೀಲೆಂಡನು ಅಂಗುಲದ ಸಾವಿರದಲ್ಲಿ ಒಂದು ಪಾಲನ್ನು ಕಾರ್ಖಾನೆಯ ದಿನಬಳಕೆಯ ಅಳತೆಯನ್ನಾಗಿ ಮಾಡಿದನು. ಸ್ವೀಡನ್ ದೇಶದ ಯೊಹಾನ್ಸನ್ ಎಂಬುವನು ನಿರ್ಮಿಸಿದ ಅತಿನಿಖರವಾದ ಉಕ್ಕಿನ ಅಳತೆಗಟ್ಟಿಗಳನ್ನು ಅಮೆರಿಕದಲ್ಲಿ ಬಳಕೆಗೆ ತಂದ ಮೊದಲಿಗರಲ್ಲಿ ಈ ಸಂಸ್ಥೆಯವರೂ ಸೇರಿದ್ದಾರೆ.

ಆಗ ಕ್ಯಾಡಿಲಾಕ್ ಗಾಡಿಯು ಸಿರಿವಂತರ ವಾಹನವಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅದಕ್ಕೆ ಇದ್ದುದು ಒಂದೇ ಸಿಲಿಂಡರು. ಆರಂಭದ ಬೆಲೆ ೭೫೦ ಡಾಲರು. ವೈಭವವಾಗಲಿ ಅಲಂಕಾರವಾಗಲಿ ಅದರಲ್ಲಿ ಹೇಳುವಷ್ಟೇನೂ ಇರಲಿಲ್ಲ. ಪ್ರತಿಷ್ಠೆಗೆ ಬುನಾದಿಯಾದುದು ಅಳತೆ. ಬೆಲೆಯ ಹಿರಿಮೆಯು ಅನಂತರ ಬಂದುದು. ಈ ಕಾಲಕ್ರಮವನ್ನು ಮರೆತವರಿಗೆ ಈ ಸಂಸ್ಥೆಯ ಮುಂದಿನ ಚರಿತ್ರೆಯು ಅರ್ಥವಾಗುವುದಿಲ್ಲ.

೪

ಅಳತೆಯು ತಾನಾಗಿಯೇ ಕೀರ್ತಿಯನ್ನು ತರಲಾರದು. ಅದನ್ನು ಪರರು ಕಂಡು ಒಪ್ಪಬೇಕು. ಈ ಒಪ್ಪಿಗೆಯು ದೊರೆತುದು ಇಂಗ್ಲೆಂಡಿನಲ್ಲಿ. ಲಂಡನ್ನಿನಲ್ಲಿ ಈ ಗಾಡಿಗಳನ್ನು ಮಾರುತ್ತಿದ್ದ ಫ್ರೆಡರಿಕ್ ಬೆನೆಟ್ ಎಂಬುವನು, ಅಲ್ಲಿಯ ರಾಯಲ್ ಆಟೊಮೊಬೈಲ್ ಕ್ಲಬ್ಬಿನವರ ಪರೀಕ್ಷೆಗೆ ಕ್ಯಾಡಿಲಾಕನ್ನು ಒಡ್ಡಿದನು. ೧೯೦೮ರ ಫೆಬ್ರವರಿ ಕೊನೆಯಲ್ಲಿ ಕ್ಲಬ್ಬಿನವರು ಮಾರಾಟಕ್ಕೆ ಬಂದಿದ್ದ ಗಾಡಿಗಳಲ್ಲಿ ಮೂರನ್ನು ತಾವೇ ಆರಿಸಿಕೊಂಡು ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಮೈದಾನಕ್ಕೆ ತಂದರು. ಅಲ್ಲಿ ಅವನ್ನು ಸ್ವಲ್ಪ ದೂರ ಓಡಿಸಿನೋಡಿ, ಆಮೇಲೆ ಮೊಳೆ ತಿರುಪುಗಳವರೆಗೂ ಬಿಚ್ಚಿಸಿದರು. ಒಂದೊಂದು ಗಾಡಿಯಲ್ಲಿ ಏಳುನೂರಕ್ಕೂ ಮಿಕ್ಕ ಭಾಗಗಳಿದ್ದುವು. ಮೂರು ಗಾಡಿಗಳ ಭಾಗಗಳನ್ನೂ ಒಂದೇ ರಾಶಿಯಾಗಿ ಬೆರಸಿ, ನಿಖರತೆ ಹೆಚ್ಚಾಗಿ ಬೇಕಾಗುವ ೮೯ ಭಾಗಗಳನ್ನು ಅದರಿಂದ ತೆಗೆದಿಟ್ಟು, ಅವುಗಳಿಗೆ ಬದಲಾಗಿ ಅಂಗಡಿಯಲ್ಲಿದ್ದ ಬಿಡಿಭಾಗಗಳನ್ನು ಸೇರಿಸಿದರು. ಬಳಿಕ ಆ ರಾಶಿಯಿಂದಲೇ ಮೂರು ಗಾಡಿಗಳನ್ನು ಮರಳಿ ಜೋಡಿಸಬೇಕಾಗಿದ್ದಿತು. ಬಿಗಿಯುವ ಮತ್ತು ತಿರುಗಿಸುವ ಸಾಮಾನ್ಯ ಉಪಕರಣಗಳ ಹೊರತು ಬೇರೆ ಯಾವುದನ್ನೂ ಬಳಸುವಂತಿರಲಿಲ್ಲ.

ಜೋಡಣೆ ಮುಗಿದಾಗ ಗಾಡಿಗಳು ಬೇರೆ ಬೇರೆ ಬಣ್ಣದ ತುಂಡುಗಳಿಂದ ಕೂಡಿ ನೋಡುವವರಿಗೆ ವಿಚಿತ್ರವಾಗಿ ಕಾಣುತ್ತಿದ್ದುವು. ಆದರೆ ಮೂರೂ ಹೊರಟುವು. ೫೦೦ ಮೈಲಿಗಳ ಓಟವನ್ನು ಮೂರೂ ಮುಗಿಸಿದುವು. ಈ ಸಾಧನೆಗಾಗಿ ಕ್ಲಬ್ಬಿನವರು ಡ್ಯೂವರ್ ಪಾರಿತೋಷಕವನ್ನು ಕ್ಯಾಡಿಲಾಕಿಗೆ ಕೊಟ್ಟರು. ಅಮೆರಿಕದ ಗಾಡಿಯೊಂದಕ್ಕೆ ಆ ಗೌರವವು ದೊರೆತುದು ಅದೇ ಮೊದಲು. ‘ಲೋಕಪ್ರಮಾಣ’ವೆಂಬ ಮಾತು ಸಂಸ್ಥೆಯ ಬಿರುದಾಗಿ ನೆಲೆಗೊಂಡುದು ಈ ಪರೀಕ್ಷೆಯ ತರುವಾಯ.

ಈ ಘಟನೆಯಲ್ಲಿ ಮೂರು ಅಂಶಗಳನ್ನು ವಾಚಕರು ಗುರುತಿಸಬೇಕು. ಪರೀಕ್ಷಕರು ಪರದೇಶದವರು; ಗಾಡಿಗಳನ್ನು ಆರಿಸಿದವರು ಅವರೇ; ಪರೀಕ್ಷೆಯ ವಿಷಯವು ವೇಗವಾಗಲಿ ಅಂದವಾಗಲಿ ಆಗಿರದೆ, ಕಾರ್ಖಾನೆಯ ನಿತ್ಯದ ಪ್ರಾಮಾಣಿಕತೆಯಾಗಿದ್ದಿತು. ಪಂದ್ಯಕ್ಕೆಂದು ಒಂದೇ ಒಂದು ಅಪೂರ್ವವಾದ ಗಾಡಿಯನ್ನು ಯಾರಾದರೂ ಕಟ್ಟಬಹುದು. ಯಾವ ಗಾಡಿಯನ್ನು ಆರಿಸಿದರೂ ಅದು ಮಿಕ್ಕವುಗಳಂತೆಯೇ ಇರುವುದು ಅದಕ್ಕಿಂತ ದೊಡ್ಡ ಮಾತು. ಎರಡನೆಯ ಅರ್ಥದ ಪ್ರಮಾಣವೆಂದರೆ ಇದೇ.

ಮುಂದೆ ಚಾರ್ಲ್ಸ್ ಕೆಟರಿಂಗನು ಕಂಡುಹಿಡಿದ ವಿದ್ಯುತ್ ಚಾಲಕವನ್ನು ೧೯೧೨ರ ಗಾಡಿಗಳಿಗೆ ಅಳವಡಿಸಿದುದಕ್ಕಾಗಿ ಅದೇ ಪಾರಿತೋಷಕವು ಎರಡನೆಯ ಬಾರಿಯೂ ಕ್ಯಾಡಿಲಾಕಿಗೆ ಬಂದಿತು. ಅಲ್ಲಿಯವರೆಗೆ ಎಂಜಿನ್ನನ್ನು ಹೊರಡಿಸಲು ಮುಂಭಾಗದಲ್ಲಿ ಹಿಡಿಕೆಯನ್ನು ಹಾಕಿ ಬಲವಾಗಿ ತಿರುಗಿಸಬೇಕಾಗಿತ್ತು; ಹಿಡಿಕೆಯು ಹಿಂದಕ್ಕೆ ಚಿಮ್ಮಿ ಕೈಮುರಿದುಕೊಂಡವರು ಎಷ್ಟೋ ಮಂದಿ. ಈ ಸಾಧನವು ಬಂದಮೇಲೆ ದೇಹಬಲವಿಲ್ಲದವರೂ ಗಾಡಿಯನ್ನು ತಾವೇ ನಡೆಸುವಂತಾಯಿತು.

೫

೧೯೦೯ರಲ್ಲಿ ಕ್ಯಾಡಿಲಾಕ್ ಸಂಸ್ಥೆಯು ಜನರಲ್ ಮೋಟಾರ್ಸ್ ಕಂಪೆನಿಯ ವಶವಾಯಿತು. ೧೯೧೭ರಲ್ಲಿ ಲೀಲೆಂಡನು ಅದನ್ನು ಬಿಟ್ಟು ಲಿಂಕನ್ ಎಂಬ ಹೊಸ ಸಂಸ್ಥೆಯನ್ನು ಸ್ಥಾಪಿಸಿದನು; ಅದು ೧೯೨೨ರಲ್ಲಿ ಹೆನ್ರಿ ಫೋರ್ಡನ ಕೈಸೇರಿತು. ಅಮೆರಿಕದ ಎರಡು ಹಿರಿಯ ವೈಭವದ ಗಾಡಿಗಳಿಗೂ ಮೂಲಪುರುಷನು ಒಬ್ಬನೇ ಎಂಬುದು ಸ್ವಾರಸ್ಯವಾದ ವಿಷಯ.

ಜನರಲ್ ಮೋಟಾರ್ಸ್ ಕಂಪೆನಿಯ ಆಲ್ಫ್ರೆಡ್ ಸ್ಲೋನನು ತನ್ನ ಗಾಡಿಗಳನ್ನು ಮೆಟ್ಟಿಲುಗಳಂತೆ ಏರ್ಪಡಿಸಿದನು: ಕೆಳಗೆ ಷೆವ್ರೊಲೆ, ಮೇಲೆ ಕ್ಯಾಡಿಲಾಕ್. ೧೯೧೪ರಲ್ಲಿ ಎಂಟು ಸಿಲಿಂಡರುಗಳ ಎಂಜಿನ್ನೂ, ೧೯೩೦ರಲ್ಲಿ ಹದಿನಾರು ಸಿಲಿಂಡರುಗಳ ಎಂಜಿನ್ನೂ ಬಂದು, ಆ ಮೇಲಿನ ಮೆಟ್ಟಿಲಿಗೆ ತಕ್ಕ ವೈಭವವು ಒದಗಿತು. ಅಷ್ಟರಲ್ಲಿ ಆರ್ಥಿಕ ದುಃಸ್ಥಿತಿಯು ದೇಶವನ್ನು ಕವಿಯಿತು. ಪೀರ್‌ಲೆಸ್, ಡ್ಯೂಸೆನ್‌ಬರ್ಗ್, ಪಿಯರ್ಸ್-ಆರೊ ಮುಂತಾದ ಹಿರಿಯ ಹೆಸರುಗಳು ಆ ದಶಕದಲ್ಲಿಯೇ ಅಳಿದುಹೋದುವು.

ಆ ಸಂಕಟದಲ್ಲಿ ಎರಡು ಸಂಸ್ಥೆಗಳು ಎರಡು ದಾರಿಗಳನ್ನು ಹಿಡಿದುವು. ಪ್ಯಾಕಾರ್ಡ್ ಎಂಬುದು ಆಗ ಅಮೆರಿಕದಲ್ಲಿ ಕ್ಯಾಡಿಲಾಕಿಗೆ ಸಮನಾದ, ಹಲವರ ಮತದಂತೆ ಅದಕ್ಕೂ ಮೇಲಾದ ಗಾಡಿ. ೧೯೩೫ರಲ್ಲಿ ಆ ಸಂಸ್ಥೆಯವರು ಸುಮಾರು ಸಾವಿರ ಡಾಲರು ಬೆಲೆಯ ಗಾಡಿಯೊಂದನ್ನು ಪ್ಯಾಕಾರ್ಡ್ ಹೆಸರಿನಲ್ಲಿಯೇ ಹೊರತಂದರು. ಗಾಡಿಯೇನೋ ಚೆನ್ನಾಗಿದ್ದಿತು, ಸಂಸ್ಥೆಯೂ ಅದರಿಂದ ಬದುಕಿಕೊಂಡಿತು. ಆದರೆ ಪ್ಯಾಕಾರ್ಡ್ ಎಂಬ ಮಾತಿಗೆ ಇದ್ದ ಅರ್ಥವು ಕ್ರಮೇಣ ಸಡಿಲವಾಗಿ, ೧೯೫೮ರಲ್ಲಿ ಆ ಹೆಸರೇ ನಿಂತುಹೋಯಿತು. ಕ್ಯಾಡಿಲಾಕಿನವರು ಕಡಮೆ ಬೆಲೆಯ ಗಾಡಿಗೆ ೧೯೨೭ರಲ್ಲಿಯೇ ‘ಲಾಸಾಲ್’ ಎಂಬ ಬೇರೆ ಹೆಸರನ್ನು ಇಟ್ಟಿದ್ದರು. ೧೯೪೦ರಲ್ಲಿ ಆ ಹೆಸರನ್ನು ಕೈಬಿಟ್ಟಾಗ ಮೂಲದ ಹೆಸರಿಗೆ ಯಾವ ಹಾನಿಯೂ ತಟ್ಟಲಿಲ್ಲ. ಹೆಸರೆಂಬುದು ಕೊಳ್ಳುವವನಿಗೆ ಕೊಟ್ಟ ಭಾಷೆಯೆಂಬುದನ್ನು ಅವರು ಆಗ ಅರಿತಿದ್ದರು.

ಇದೇ ಕಾಲಕ್ಕೆ ಸೇರಿದ ಇನ್ನೊಂದು ಸಂಗತಿಯನ್ನು ಪೀಟರ್ ಡ್ರಕ್ಕರ್ ಎಂಬ ಲೇಖಕನು ಬರೆದಿಟ್ಟಿದ್ದಾನೆ. ಆಗ ಕ್ಯಾಡಿಲಾಕನ್ನು ಕರಿಯ ಜನರಿಗೆ ಮಾರುವ ಪದ್ಧತಿಯಿರಲಿಲ್ಲ. ಆದರೂ ರಿಪೇರಿಯ ಶಾಖೆಗಳಿಗೆ ಕರಿಯರಾದ ವೈದ್ಯರೂ ಗಾಯಕರೂ ಮುಷ್ಟಿಮಲ್ಲರೂ ತಮ್ಮ ಕ್ಯಾಡಿಲಾಕ್ ಗಾಡಿಗಳನ್ನು ತರುತ್ತಿದ್ದುದನ್ನು ನಿಕೊಲಾಸ್ ಡ್ರೈಸ್ಟಾಟ್ ಎಂಬ ಅಧಿಕಾರಿಯು ಕಂಡನು. ಅವರು ಬಿಳಿಯನೊಬ್ಬನಿಗೆ ಹಣಕೊಟ್ಟು ಅವನ ಹೆಸರಿನಲ್ಲಿ ಗಾಡಿಯನ್ನು ಕೊಳ್ಳುತ್ತಿದ್ದರು. ಒಳ್ಳೆಯ ಬೀದಿಯಲ್ಲಿ ಮನೆ, ಒಳ್ಳೆಯ ಹೋಟಲಿನಲ್ಲಿ ಕೊಠಡಿ, ಇವು ಹಣವಿದ್ದರೂ ದೊರೆಯದಿದ್ದ ಆ ಜನರಿಗೆ ತಮ್ಮ ಏಳಿಗೆಯನ್ನು ಲೋಕಕ್ಕೆ ತೋರಿಸಲು ಇದ್ದ ಕೆಲವೇ ಗುರುತುಗಳಲ್ಲಿ ಈ ಗಾಡಿಯು ಒಂದಾಗಿದ್ದಿತು. ನೇರವಾಗಿ ಅವರಿಗೇ ಮಾರಬೇಕೆಂದು ಡ್ರೈಸ್ಟಾಟನು ವಾದಿಸಿ ಮೇಲಧಿಕಾರಿಗಳನ್ನು ಒಪ್ಪಿಸಿದನೆಂದೂ, ಸಂಸ್ಥೆಯು ಉಳಿದುಕೊಳ್ಳಲು ಇದು ಸಹಾಯವಾಯಿತೆಂದೂ ಡ್ರಕ್ಕರನ ಹೇಳಿಕೆ. ಇದನ್ನು ಒಬ್ಬನ ನೆನಪಿನ ಬರಹವೆಂಬ ಎಚ್ಚರದಿಂದಲೇ ಸ್ವೀಕರಿಸಬೇಕಾದರೂ, ಪ್ರತಿಷ್ಠೆಯೆಂಬುದು ಕೇವಲ ಒಣಜಂಬವೆಂದು ಹೇಳುವವರಿಗೆ ಇದರಲ್ಲಿ ಉತ್ತರವಿದೆ. ಮನುಷ್ಯನು ತನಗೆ ನಿರಾಕೃತವಾದ ಮರ್ಯಾದೆಗೆ ಸಾಕ್ಷಿಯಾಗಿ ಒಂದು ವಸ್ತುವನ್ನು ಆರಿಸಿಕೊಂಡರೆ, ಆ ವಸ್ತುವಿನ ತಯಾರಕನ ಮೇಲೆ ಒಂದು ಋಣವು ಬೀಳುತ್ತದೆ.

೬

ಎರಡನೆಯ ಮಹಾಯುದ್ಧದ ಅನಂತರದ ಇಪ್ಪತ್ತೈದು ವರ್ಷಗಳು ಕ್ಯಾಡಿಲಾಕಿನ ಐಶ್ವರ್ಯದ ಕಾಲ. ೧೯೪೮ರ ಗಾಡಿಗಳಿಗೆ ಯುದ್ಧವಿಮಾನದ ಬಾಲವನ್ನು ನೋಡಿ ಕಲ್ಪಿಸಿದ ರೆಕ್ಕೆಗಳು ಬಂದುವು. ೧೯೪೯ರಲ್ಲಿ ಉತ್ಕೃಷ್ಟವಾದ ಹೊಸ ಎಂಜಿನ್ನು ಬಂದಿತು. ೧೯೫೦ರಲ್ಲಿ ಬ್ರಿಗ್ಸ್ ಕನಿಂಗ್‌ಹ್ಯಾಮ್ ಎಂಬುವನು ಎರಡು ಕ್ಯಾಡಿಲಾಕ್‌ಗಳನ್ನು ಫ್ರಾನ್ಸಿನ ಲಮಾನ್ ನಗರದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯಕ್ಕೆ ಒಯ್ದು, ಹತ್ತನೆಯ ಮತ್ತು ಹನ್ನೊಂದನೆಯ ಸ್ಥಾನಗಳನ್ನು ಪಡೆದನು. ಇಂಗ್ಲಿಷ್ ಭಾಷೆಯಲ್ಲಿ ಯಾವ ವಸ್ತುವೇ ಆಗಲಿ ತನ್ನ ಜಾತಿಯಲ್ಲಿ ಶ್ರೇಷ್ಠವಾಗಿದ್ದರೆ ಅದನ್ನು ಆ ಜಾತಿಯ ‘ಕ್ಯಾಡಿಲಾಕ್’ ಎಂದು ಕರೆಯುವ ರೂಢಿಯೂ ಬೆಳೆಯಿತು. ಅಂಕಿತನಾಮವು ಹೀಗೆ ರೂಢನಾಮದಂತೆ ಬಳಕೆಗೆ ಬರುವುದು ಭಾಷಾಶಾಸ್ತ್ರಜ್ಞರಿಗೆ ಪರಿಚಿತವಾದ ವಿಷಯ. ವರ್ತಕನಿಗೆ ಇದಕ್ಕಿಂತ ದೊಡ್ಡ ಸನ್ಮಾನವು ಬೇರೆ ಇಲ್ಲ.

ಆದರೆ ಪತನದ ಬೀಜವೂ ಈ ಐಶ್ವರ್ಯದಲ್ಲಿಯೇ ಅಡಗಿದ್ದಿತು. ೧೯೫೯ರ ವೇಳೆಗೆ ಹಿಂಬದಿಯ ರೆಕ್ಕೆಗಳು ತಮ್ಮ ಪರಮಾವಧಿಯನ್ನು ಮುಟ್ಟಿದುವು. ೧೯೭೦ರ ದಶಕದ ಆದಿಯಲ್ಲಿ ಎಲ್‌ಡೊರಾಡೊ ಎಂಬ ಗಾಡಿಯ ಎಂಜಿನ್ನು ಎಂಟು ಲೀಟರುಗಳನ್ನು ಮೀರಿ ಬೆಳೆಯಿತು. ಗಾತ್ರವೂ ತೂಕವೂ ಹೊಳಪೂ ಪ್ರತಿಷ್ಠೆಯ ಲಕ್ಷಣಗಳಾದುವು. ಲೀಲೆಂಡನ ಕಾಲದಲ್ಲಿ ಗಾಡಿಯ ಹಿರಿಮೆಯನ್ನು ಪರೀಕ್ಷಕನು ತೀರ್ಮಾನಿಸುತ್ತಿದ್ದನು; ಈಗ ನೆರೆಮನೆಯವನ ಅಸೂಯೆಯು ತೀರ್ಮಾನಿಸತೊಡಗಿತು. ಅಮೆರಿಕದ ವಿಶಾಲವಾದ ರಸ್ತೆ, ಅಗ್ಗವಾದ ಪೆಟ್ರೋಲು, ಇವುಗಳ ಹೊರಗೆ ಆ ಗಾಡಿಯು ಹೇಗೆ ನಡೆದೀತೆಂದು ಕೇಳುವವರು ಕಡಮೆಯಾದರು. ಲೋಕಪ್ರಮಾಣವೆಂಬ ಬಿರುದಿನಲ್ಲಿ ‘ಲೋಕ’ವು ಒಂದು ದೇಶದಷ್ಟಕ್ಕೆ ಕುಗ್ಗಿತು.

೭

೧೯೭೩ರ ತೈಲಸಂಕಟದಿಂದಲೇ ಕ್ಯಾಡಿಲಾಕಿನ ಪ್ರತಿಷ್ಠೆಯು ಹಾಳಾಯಿತೆಂದು ಕೆಲವರು ಹೇಳುವುದುಂಟು. ಈ ಅಭಿಪ್ರಾಯವು ಪೂರ್ತಿಯಾಗಿ ನಿಲ್ಲುವುದಿಲ್ಲ. ೧೯೭೮ರಲ್ಲಿ, ಎಂದರೆ ಸಂಕಟದ ಐದು ವರ್ಷಗಳ ತರುವಾಯ, ಸುಮಾರು ಮೂರೂವರೆ ಲಕ್ಷ ಕ್ಯಾಡಿಲಾಕ್ ಗಾಡಿಗಳು ಮಾರಾಟವಾದುವು. ಜನರ ವಿಶ್ವಾಸವು ಆಗಲೂ ಉಳಿದಿದ್ದಿತು. ಅದನ್ನು ಕಳೆದುದು ಅನಂತರದ ಹತ್ತು ವರ್ಷಗಳ ನಡೆವಳಿಕೆ.

ಆ ದಶಕದಲ್ಲಿ ನಡೆದುದನ್ನು ಕ್ರಮವಾಗಿ ನೋಡೋಣ. ಪೆಟ್ರೋಲ್ ಎಂಜಿನ್ನಿನ ಆಧಾರದ ಮೇಲೆ ರಚಿತವಾದ ಡೀಸೆಲ್ ಎಂಜಿನ್ನೊಂದನ್ನು ಕೆಲವು ಗಾಡಿಗಳಿಗೆ ಇಟ್ಟರು. ಅದು ಮೇಲಿಂದಮೇಲೆ ಕೆಟ್ಟು ಕೊಂಡವರನ್ನು ಕಂಗೆಡಿಸಿತು. ೧೯೮೧ರಲ್ಲಿ, ಅಗತ್ಯಕ್ಕೆ ತಕ್ಕಂತೆ ಎಂಟು, ಆರು ಅಥವಾ ನಾಲ್ಕು ಸಿಲಿಂಡರುಗಳಲ್ಲಿ ನಡೆಯುವ ಎಂಜಿನ್ನು ಬಂದಿತು. ಈ ತತ್ತ್ವವು ಸರಿಯಾದುದೇ. ಇಂದು ಎಷ್ಟೋ ಸಂಸ್ಥೆಗಳು ಅದನ್ನು ಬಳಸುತ್ತಿವೆ. ಆದರೆ ಅದನ್ನು ನಿಯಂತ್ರಿಸುವ ವಿದ್ಯುನ್ಮಾನ ಯಂತ್ರಾಂಗವು ಆಗಿನ್ನೂ ಪಕ್ವವಾಗಿರಲಿಲ್ಲ. ಒಂದೇ ವರ್ಷದಲ್ಲಿ ಬಹುತೇಕ ಗಾಡಿಗಳಿಂದ ಅದನ್ನು ತೆಗೆದುಬಿಟ್ಟರು. ಬ್ರೂಕ್‌ಲ್ಯಾಂಡ್ಸಿನಲ್ಲಿ ಪರೀಕ್ಷೆ ಮುಗಿದಮೇಲೆ ಬಿರುದು ಬಂದಿತ್ತು. ಈಗ ಬಿರುದಿನ ಬಲದಿಂದ ಮಾರಿ, ಪರೀಕ್ಷೆಯನ್ನು ಕೊಂಡವನ ತಲೆಗೆ ಕಟ್ಟಿದಂತಾಯಿತು.

ಅದೇ ೧೯೮೧ರಲ್ಲಿ ‘ಸಿಮರಾನ್’ ಎಂಬ ಗಾಡಿಯು ಹೊರಬಂದಿತು. ಮೆಟ್ಟಿಲಿನ ಕೆಳತುದಿಯಲ್ಲಿದ್ದ ಷೆವ್ರೊಲೆಯ ಕ್ಯಾವಲಿಯರ್ ಎಂಬ ಅಗ್ಗದ ಗಾಡಿಯ ಒಡಲಿಗೇ ಚರ್ಮದ ಆಸನಗಳನ್ನೂ ಕ್ಯಾಡಿಲಾಕ್ ಲಾಂಛನವನ್ನೂ ತೊಡಿಸಿ, ಹನ್ನೆರಡು ಸಾವಿರ ಡಾಲರುಗಳಿಗೆ ಮೇಲ್ಪಟ್ಟ ಬೆಲೆಯನ್ನು ಇಟ್ಟಿದ್ದರು. ೧೯೮೮ರವರೆಗೂ ಇದರ ತಯಾರಿಕೆಯು ನಡೆಯಿತು. ಕಡಮೆ ಬೆಲೆಯ ಗಾಡಿಗೆ ಬೇರೆ ಹೆಸರಿಡುವ ಲಾಸಾಲ್ ಕಾಲದ ವಿವೇಕವು ಇಲ್ಲಿ ಕಾಣುವುದಿಲ್ಲ. ಪ್ಯಾಕಾರ್ಡಿನವರಾದರೋ ಕಡಮೆ ಬೆಲೆಗೆ ಒಳ್ಳೆಯ ಗಾಡಿಯನ್ನು ಕೊಟ್ಟಿದ್ದರು. ಸಿಮರಾನಿನಲ್ಲಿ ಸಾಧಾರಣ ಗಾಡಿಗೆ ಹೆಚ್ಚಿನ ಬೆಲೆಯನ್ನು ಕೇಳಲಾಯಿತು. ಕ್ಯಾಡಿಲಾಕ್ ಎಂಬ ಹೆಸರನ್ನು ನಂಬಿ ಬಂದವನಿಗೆ ಆ ಹೆಸರೇ ಸುಳ್ಳಾಡಿತು. ಪ್ರಮಾಣದ ಮೂರನೆಯ ಅರ್ಥವಾದ ಆಣೆಯು ಮುರಿದುದು ಇಲ್ಲಿ.

೧೯೮೬ರಲ್ಲಿ ಹೊರಬಂದ ‘ಅಲಾಂಟೆ’ಯೆಂಬ ಗಾಡಿಯಲ್ಲಿ ಪ್ರಾಯಶ್ಚಿತ್ತದ ಒಂದು ಪ್ರಯತ್ನವನ್ನು ಕಾಣಬಹುದು. ಅದರ ಒಡಲನ್ನು ಇಟಲಿಯ ಪಿನಿನ್‌ಫರೀನಾ ಸಂಸ್ಥೆಯವರು ಟ್ಯೂರಿನ್ನಿನಲ್ಲಿ ರಚಿಸಿ, ವಿಮಾನದಲ್ಲಿ ಡೆಟ್ರಾಯಿಟಿಗೆ ಕಳುಹಿಸುತ್ತಿದ್ದರು. ಅಷ್ಟು ದೂರದಿಂದ ತಂದ ಸೌಂದರ್ಯವೂ ನಂಬಿಕೆಯನ್ನು ಮರಳಿಸಲಿಲ್ಲ. ೧೯೯೩ರಲ್ಲಿ ಅದು ನಿಂತಿತು. ಈ ನಡುವೆ ೧೯೮೯ರಲ್ಲಿ ಲೆಕ್ಸಸ್ ಗಾಡಿಯು ಅಮೆರಿಕಕ್ಕೆ ಬಂದಿತು. ಅದಕ್ಕೆ ಲಾಂಛನದ ಇತಿಹಾಸವಾಗಲಿ ಬಿರುದಾಗಲಿ ಇರಲಿಲ್ಲ. ಇದ್ದುದು ಅಳತೆಯ ನಿಖರತೆ ಮತ್ತು ಮಾತಿಗೆ ತಪ್ಪದ ನಡೆ. ಲೀಲೆಂಡನ ಪಾಠವನ್ನು ಅವನ ವಾರಸುದಾರರಿಗಿಂತ ಜಪಾನಿನವರು ಚೆನ್ನಾಗಿ ಒಪ್ಪಿಸಿದರು.

ಈ ಅಧ್ಯಾಯಕ್ಕೆ ಒಂದು ಉಪಸಂಹಾರವೂ ಉಂಟು. ೧೯೯೮ರಲ್ಲಿ ಅಮೆರಿಕದ ವೈಭವದ ಗಾಡಿಗಳ ಮಾರಾಟದಲ್ಲಿ ಕ್ಯಾಡಿಲಾಕಿಗೂ ಲಿಂಕನ್ನಿಗೂ ಹಣಾಹಣಿ ಪೈಪೋಟಿ ನಡೆದು, ವರ್ಷದ ಕೊನೆಯಲ್ಲಿ ಕ್ಯಾಡಿಲಾಕಿಗೇ ಜಯವೆಂದು ಪ್ರಕಟವಾಯಿತು. ಮರುವರ್ಷ ಆ ಲೆಕ್ಕದಲ್ಲಿ ಸಾವಿರಾರು ಗಾಡಿಗಳು ಹೆಚ್ಚಾಗಿ ಸೇರಿದ್ದುವೆಂದು ಜನರಲ್ ಮೋಟಾರ್ಸಿನವರೇ ಒಪ್ಪಿಕೊಂಡು, ಪ್ರಥಮಸ್ಥಾನವನ್ನು ಲಿಂಕನ್ನಿಗೆ ಬಿಟ್ಟುಕೊಟ್ಟರು. ಅಂಗುಲದ ಸಾವಿರದಲ್ಲೊಂದು ಪಾಲನ್ನು ಅಳೆದು ಹೆಸರಾದ ಸಂಸ್ಥೆಯು ತನ್ನ ಗಾಡಿಗಳನ್ನೇ ಸರಿಯಾಗಿ ಎಣಿಸಲಾರದೆ ಹೋಯಿತು.

೮

ಇನ್ನು ಪುನರುದ್ಧಾರದ ಪ್ರಯತ್ನಗಳು. ೨೦೦೨ರಲ್ಲಿ ಹೊರಬಂದ ಸಿ.ಟಿ.ಎಸ್. ಎಂಬ ಗಾಡಿಯಿಂದ ಇವು ಆರಂಭವಾದುವೆಂದು ಹೇಳಬಹುದು. ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್ ಎಂಬ ಕಠಿನವಾದ ಓಟದ ದಾರಿಯಲ್ಲಿ ಅದನ್ನು ಪಳಗಿಸಿದರು. ೨೦೦೮ರಲ್ಲಿ ಅದರ ಹೆಚ್ಚು ಬಲವುಳ್ಳ ರೂಪವು ಆ ದಾರಿಯ ಒಂದು ಸುತ್ತನ್ನು ಎಂಟು ನಿಮಿಷಗಳೊಳಗೆ ಮುಗಿಸಿತು. ನೂರು ವರ್ಷಗಳ ಬಳಿಕ ಈ ಸಂಸ್ಥೆಯು ಪರರ ನೆಲದಲ್ಲಿ ಪರೀಕ್ಷೆಗೆ ನಿಂತುದು ಶುಭಸೂಚನೆ. ೨೦೦೯ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯು ದಿವಾಳಿಯಾಗಿ ಸರ್ಕಾರದ ನೆರವಿನಿಂದ ಪುನರ್ಘಟಿತವಾದಾಗ ಪಾಂಟಿಯಾಕ್ ಮುಂತಾದ ಹೆಸರುಗಳನ್ನು ಕೈಬಿಟ್ಟರು, ಕ್ಯಾಡಿಲಾಕನ್ನು ಉಳಿಸಿಕೊಂಡರು. ಚೀನಾದೇಶದಲ್ಲಿ ಮಾರಾಟವು ಬೆಳೆದು, ೨೦೧೭ರಲ್ಲಿ ಅಮೆರಿಕದಲ್ಲಿ ಮಾರಾಟವಾದುದಕ್ಕಿಂತ ಹೆಚ್ಚಿನ ಗಾಡಿಗಳು ಅಲ್ಲಿ ಮಾರಾಟವಾದುವು. ಆ ಬಳಿಕ ಅಲ್ಲಿಯ ಸ್ವದೇಶೀ ವಿದ್ಯುತ್ ಗಾಡಿಗಳ ಸ್ಪರ್ಧೆಯಿಂದ ಆ ಮಾರಾಟವು ತಗ್ಗಿತು.

೨೦೨೨ರಲ್ಲಿ ಎರಡು ವಿದ್ಯುತ್ ಗಾಡಿಗಳು ಲೋಕದ ಮುಂದೆ ಬಂದುವು. ‘ಲಿರಿಕ್’ ಎಂಬುದು ಮಾರಾಟಕ್ಕೆ ಬಂದಿತು. ‘ಸೆಲೆಸ್ಟಿಕ್’ ಎಂಬುದನ್ನು ಪ್ರಕಟಪಡಿಸಿದರು. ಎರಡನೆಯದನ್ನು ಕೊಳ್ಳುವವನ ಇಚ್ಛೆಗೆ ಅನುಸಾರವಾಗಿ ಒಂದೊಂದಾಗಿ ಕೈಯ ಕೆಲಸದಿಂದ ಕಟ್ಟುತ್ತಾರೆ. ಪ್ರಕಟವಾದಾಗ ಬೆಲೆಯು ಸುಮಾರು ೩,೪೦,೦೦೦ ಡಾಲರುಗಳಿಂದ ಮೇಲಕ್ಕೆ. ೨೦೨೩ರ ಲಮಾನ್ ಪಂದ್ಯದಲ್ಲಿ ಕ್ಯಾಡಿಲಾಕ್ ಮೂರನೆಯ ಸ್ಥಾನವನ್ನು ಗಳಿಸಿತು. ಫಾರ್ಮುಲಾ ಒನ್ ಎಂಬ ಜಾಗತಿಕ ಪಂದ್ಯಾವಳಿಯಲ್ಲಿ ೨೦೨೬ರಿಂದ ಭಾಗವಹಿಸಲು ೨೦೨೫ರ ಮಾರ್ಚಿ ತಿಂಗಳಲ್ಲಿ ಅದಕ್ಕೆ ಅನುಮತಿಯೂ ದೊರೆಯಿತು.

ಇವೆಲ್ಲವೂ ಪ್ರಶಂಸನೀಯವೇ. ಆದರೆ ಇದರ ಜೊತೆಗೆ ಇನ್ನೊಂದು ಪ್ರವೃತ್ತಿಯೂ ನಡೆದು ಬಂದಿದೆ. ಫ್ಲೀಟ್‌ವುಡ್, ಎಲ್‌ಡೊರಾಡೊ, ಸೆವಿಲ್, ಡೆವಿಲ್ ಎಂಬ ಹಳೆಯ ಹೆಸರುಗಳೆಲ್ಲ ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕ ಮುಗಿಯುವುದರೊಳಗೆ ಕಾಣದಾದುವು. ಅವುಗಳ ಸ್ಥಾನದಲ್ಲಿ ಅಕ್ಷರಗಳೂ ಅಂಕಿಗಳೂ ಬಂದುವು. ಆ ಪದ್ಧತಿಯನ್ನು ೨೦೧೪ರ ತರುವಾಯ ಮತ್ತೆ ಮಾರ್ಪಡಿಸಿದರು. ವಿದ್ಯುತ್ ಗಾಡಿಗಳು ಬಂದಮೇಲೆ ‘ಇಕ್’ ಎಂದು ಮುಗಿಯುವ ಹೊಸ ನಾಮಾವಳಿಯೊಂದು ಹುಟ್ಟಿತು. ಲಾಂಛನದ ಹಕ್ಕಿಗಳು ಇಪ್ಪತ್ತನೆಯ ಶತಮಾನದ ಕೊನೆಗೆ ಹಾರಿಹೋದುವು. ೨೦೧೪ರಲ್ಲಿ ಸುತ್ತಲಿನ ಎಲೆಗಳ ಮಾಲೆಯೂ ಉದುರಿತು. ಸಂಸ್ಥೆಯ ಕೇಂದ್ರ ಕಚೇರಿಯು ಡೆಟ್ರಾಯಿಟನ್ನು ಬಿಟ್ಟು ನ್ಯೂಯಾರ್ಕಿಗೆ ಹೋಗಿ, ಕೆಲವೇ ವರ್ಷಗಳಲ್ಲಿ ಹಿಂದಿರುಗಿತು. ೨೦೩೦ರ ಹೊತ್ತಿಗೆ ವಿದ್ಯುತ್ ಗಾಡಿಗಳನ್ನು ಮಾತ್ರ ಮಾಡುವೆವೆಂದು ಸಾರಿದ್ದವರು ಆಮೇಲೆ ಪೆಟ್ರೋಲ್ ಗಾಡಿಗಳೂ ಜೊತೆಗೆ ಮುಂದುವರಿಯುವುವೆಂದು ಹೇಳಿದರು. ಇವುಗಳಲ್ಲಿ ಒಂದೊಂದಕ್ಕೂ ತಕ್ಕ ಕಾರಣವಿದ್ದಿರಬಹುದು. ಆದರೆ ಆಣೆಯನ್ನು ಮುರಿದವನು ಮತ್ತೆ ನಂಬಿಕೆಯನ್ನು ಗಳಿಸಬೇಕಾದರೆ ಮಾತನ್ನು ಮೇಲಿಂದಮೇಲೆ ಬದಲಾಯಿಸುವುದು ಸಾಧುವಾದ ಮಾರ್ಗವಲ್ಲ.

೯

ಕಳೆದ ಪ್ರತಿಷ್ಠೆಯನ್ನು ಸ್ವಪ್ರಯತ್ನದಿಂದ ಗಳಿಸಿಕೊಂಡವರು ಯಾರಾದರೂ ಉಂಟೆ? ಜರ್ಮನಿಯ ಔಡಿ ಸಂಸ್ಥೆಯ ಉದಾಹರಣೆಯು ನಮ್ಮ ಮುಂದಿದೆ. ೧೯೮೦ರಲ್ಲಿ ಅವರು ನಾಲ್ಕು ಚಕ್ರಗಳಿಗೂ ಬಲವೀಯುವ ‘ಕ್ವಾಟ್ರೊ’ ಗಾಡಿಯನ್ನು ತಂದರು. ೧೯೮೬ರಲ್ಲಿ ಅಮೆರಿಕದಲ್ಲಿ ಅವರ ಗಾಡಿಗಳು ತಾವಾಗಿಯೇ ಮುನ್ನುಗ್ಗುತ್ತವೆಂಬ ಅಪವಾದವು ಹಬ್ಬಿ, ಅಲ್ಲಿಯ ಮಾರಾಟವು ಕುಸಿದುಬಿದ್ದಿತು. ಅವರು ಔಡಿ ಎಂಬ ಹೆಸರನ್ನು ಬಿಡಲಿಲ್ಲ. ನಾಲ್ಕು ಚಕ್ರಗಳ ತತ್ತ್ವವನ್ನೂ ಬಿಡಲಿಲ್ಲ. ೨೦೦೦ದಿಂದ ೨೦೧೪ರೊಳಗೆ ಲಮಾನ್ ಪಂದ್ಯವನ್ನು ಹದಿಮೂರು ಬಾರಿ ಗೆದ್ದರು. ಇಂದು ಆ ಹೆಸರು ಮರ್ಸಿಡಿಸ್, ಬಿ.ಎಂ.ಡಬ್ಲ್ಯು.ಗಳ ಪಂಕ್ತಿಯಲ್ಲಿ ಕುಳಿತಿದೆ. ಇದಕ್ಕೆ ಹಿಡಿದ ಕಾಲವು ಇಪ್ಪತ್ತು ವರ್ಷಗಳಿಗಿಂತ ಹೆಚ್ಚು, ಮಾರ್ಗವು ಒಂದೇ. ಪ್ರತಿಷ್ಠೆಯು ಮರಳುವುದು ಅಸಾಧ್ಯವಲ್ಲವೆಂಬುದಕ್ಕೂ, ಅದು ಬೇಗನೆ ಮರಳುವುದಿಲ್ಲವೆಂಬುದಕ್ಕೂ ಇದು ನಿದರ್ಶನ.

ಹಾಗಾದರೆ ಪ್ರಕೃತ ಪ್ರಶ್ನೆಗೆ ಉತ್ತರವೇನು? ‘ಲೋಕಪ್ರಮಾಣ’ವೆಂಬ ಹಳೆಯ ಬಿರುದು ಅದೇ ಅರ್ಥದಲ್ಲಿ ಮರಳಿ ಬರಲಾರದೆಂದು ತೋರುತ್ತದೆ. ೧೯೦೮ರಲ್ಲಿ ನಿಖರವಾದ ಅಳತೆಯು ಅಪೂರ್ವವಾದ ಗುಣವಾಗಿದ್ದಿತು. ಇಂದು ಅಗ್ಗದ ಗಾಡಿಯಲ್ಲಿಯೂ ಅದಿದೆ. ಕ್ಯಾಡಿಲಾಕಿನ ಗೆಲವೇ ಅದರ ವಿಶೇಷವನ್ನು ಅಳಿಸಿತು. ಅದು ಕಲಿಸಿದ ಪಾಠವನ್ನು ಎಲ್ಲರೂ ಕಲಿತರು. ಅಷ್ಟಲ್ಲದೆ, ಶ್ರೇಷ್ಠತೆಯನ್ನು ನಿರ್ಣಯಿಸುವ ಅಧಿಕಾರವು ಈಗ ಯಾವ ಒಂದು ನಗರದ ಕ್ಲಬ್ಬಿಗೂ ಸೇರಿಲ್ಲ. ಷಾಂಘೈ, ಮ್ಯೂನಿಕ್, ಟೋಕಿಯೊ ನಗರಗಳಲ್ಲಿ ಅದು ಹಂಚಿಹೋಗಿದೆ.

ಆದರೆ ಹಿರಿಯ ಗಾಡಿಗಳ ಪಂಕ್ತಿಯಲ್ಲಿ ಒಂದು ಗೌರವಸ್ಥಾನವು ಕ್ಯಾಡಿಲಾಕಿಗೆ ಮತ್ತೆ ದೊರೆಯಬಹುದು. ಮೂರು ಪ್ರಮಾಣಗಳಲ್ಲಿ ಮೊದಲನೆಯದಾದ ಅಳತೆಯನ್ನು ಅದು ಬಹುಮಟ್ಟಿಗೆ ಮರಳಿ ಪಡೆದಿದೆ. ಎರಡನೆಯದಾದ ಪರಪರೀಕ್ಷೆಗೆ ಲಮಾನಿನಲ್ಲಿಯೂ ಇತರ ಕಡೆಗಳಲ್ಲಿಯೂ ಅದು ಈಗ ತಾನಾಗಿಯೇ ಒಡ್ಡಿಕೊಂಡಿದೆ. ಉಳಿದಿರುವುದು ಮೂರನೆಯದು. ಸೆಲೆಸ್ಟಿಕಿನಂಥ ಬಹುಮೂಲ್ಯವಾದ ಗಾಡಿಯಿಂದ ಇದು ಸಿದ್ಧಿಸುವುದೆಂದು ಕೆಲವರು ನಂಬಿದ್ದಾರೆ. ಬ್ರೂಕ್‌ಲ್ಯಾಂಡ್ಸಿನ ಪಾಠವು ಇದಕ್ಕೆ ಪ್ರತಿಕೂಲವಾಗಿದೆ. ಅಲ್ಲಿ ಗೆದ್ದುದು ಒಂದು ಸಿಲಿಂಡರಿನ ಸಾಧಾರಣ ಗಾಡಿ. ಮೂರರಲ್ಲಿ ಯಾವುದರ ಭಾಗವನ್ನು ಯಾವುದಕ್ಕೆ ಇಟ್ಟರೂ ಹೊಂದಿಕೊಂಡ ಗಾಡಿ. ಅತ್ಯುತ್ತಮವಾದ ಒಂದು ಗಾಡಿಯಿಂದ ಹೆಸರು ಪ್ರಸಿದ್ಧವಾದೀತು. ಹೆಸರು ನಂಬಿಕೆಗೆ ಪಾತ್ರವಾಗುವುದು ಅದನ್ನು ಹೊತ್ತ ಗಾಡಿಗಳಲ್ಲಿ ಅತಿ ಕಿರಿಯದಾದುದರಿಂದ. ಸಿಮರಾನಿನಿಂದ ಕೆಟ್ಟ ಹೆಸರು ಅದೇ ಮೆಟ್ಟಿಲಿನಿಂದಲೇ ಸರಿಯಾಗಬೇಕು. ಸಂಸ್ಥೆಯ ಅತಿ ಅಗ್ಗದ ಗಾಡಿಯನ್ನು ಕೊಂಡವನು ಹತ್ತು ವರ್ಷಗಳ ತರುವಾಯವೂ ಅದರ ಹೆಸರನ್ನು ಸಂಕೋಚವಿಲ್ಲದೆ ಹೇಳುವಂತಾಗುವ ದಿನ, ‘ಲೋಕಪ್ರಮಾಣ’ವೆಂದು ಸಾರಬೇಕಾದ ಅಗತ್ಯವೂ ಆ ಸಂಸ್ಥೆಗೆ ಇರಲಾರದು.